ಕಾರಣ ಕೇಳಿದವರು

ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತ ಹಿರಿಯರು ಎಷ್ಟೇ ಮುಂಗೋಪಿಗಳಾಗಿರಲಿ, ಒಂದು ಕ್ರಮವನ್ನು ತಪ್ಪುವುದಿಲ್ಲ. ಮೊದಲು ದೂರನ್ನು ಹೇಳಬೇಕು. ಅನಂತರ ದೂರಿಗೆ ಗುರಿಯಾದವನ ಮಾತನ್ನು ಕೇಳಬೇಕು. ದಂಡದ ಮಾತು ಎಲ್ಲಕ್ಕೂ ಕೊನೆಗೆ. ದೂರು ಏನೆಂದೇ ಹೇಳದೆ ಒಬ್ಬನನ್ನು ಕಂಬಕ್ಕೆ ಕಟ್ಟಿದರೆ ಅದನ್ನು ನ್ಯಾಯವೆನ್ನುವವರು ಯಾವ ಊರಿನಲ್ಲಿಯೂ ಸಿಕ್ಕಲಾರರು. ಅಕ್ಷರ ಬಾರದವನಿಗೂ ತಿಳಿಯುವ ಈ ಮಾತನ್ನು ಸ್ವತಂತ್ರ ಭಾರತದ ಶಾಸನಸಭೆಗಳಲ್ಲಿ ಸುಮಾರು ಮೂವತ್ತು ವರ್ಷಗಳ ಕಾಲ ಮತ್ತೆ ಮತ್ತೆ ಹೇಳಬೇಕಾಗಿ ಬಂದಿತು. ಹೇಳಿದವರು ಬಹುಮಟ್ಟಿಗೆ ವಿರೋಧ ಪಕ್ಷಗಳವರು. ಮತಗಳ ಎಣಿಕೆಯಲ್ಲಿ ಸೋತವರು. ಆ ಸೋಲುಗಳ ಕಥೆ ಮರೆಯತಕ್ಕದ್ದಲ್ಲ.

ಕಥೆ ಆರಂಭವಾಗುವುದು 1949ರ ಆಗಸ್ಟ್ ತಿಂಗಳಲ್ಲಿ. ದೆಹಲಿಯಲ್ಲಿ ಸಂವಿಧಾನ ಸಭೆ ತುರ್ತುಪರಿಸ್ಥಿತಿಯ ವಿಧಿಗಳನ್ನು ಚರ್ಚಿಸುತ್ತಿತ್ತು. ವಿರೋಧ ಪಕ್ಷವೆಂಬುದು ಇನ್ನೂ ಸರಿಯಾಗಿ ರೂಪುಗೊಂಡಿರದ ಆ ಸಭೆಯಲ್ಲಿ ವಿರೋಧದ ಕೆಲಸವನ್ನು ಮಾಡಿದ ಕೆಲವರಲ್ಲಿ ಹರಿ ವಿಷ್ಣು ಕಾಮತ್ ಒಬ್ಬರು. ಮಂಗಳೂರಿನಲ್ಲಿ 1907ರಲ್ಲಿ ಹುಟ್ಟಿದ ಅವರು ಐ. ಸಿ. ಎಸ್. ಹುದ್ದೆಯನ್ನು ತೊರೆದು ಸುಭಾಷಚಂದ್ರ ಬೋಸರೊಡನೆ ನಡೆದವರು. ತುರ್ತು ಕಾಲದಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವ ಅಧಿಕಾರವನ್ನೇ ರಾಷ್ಟ್ರಪತಿಯ ಒಂದು ಆಜ್ಞೆಯಿಂದ ತಡೆಹಿಡಿಯಬಹುದೆಂಬ ವಿಧಿ ಚರ್ಚೆಗೆ ಬಂದಿತ್ತು. ಅಂಥ ಬಾಗಿಲಿನ ಮೂಲಕವೇ ಜರ್ಮನಿಯಲ್ಲಿ ಹಿಟ್ಲರನು ವೈಮರ್ ಸಂವಿಧಾನದ ಒಳಹೊಕ್ಕನೆಂದು ಕಾಮತರು ಎಚ್ಚರಿಸಿದರು. ಸಭೆ ಒಪ್ಪಲಿಲ್ಲ. ದೇಶ ವಿಭಜನೆಯ ರಕ್ತ ಆಗ ಇನ್ನೂ ಆರಿರಲಿಲ್ಲ. ಗಟ್ಟಿಯಾದ ಕೇಂದ್ರ ಸರಕಾರ ಬೇಕೆಂಬ ಭಾವನೆಯೇ ಬಲವಾಗಿತ್ತು. ಆಗಸ್ಟ್ 20ರಂದು ವಿಧಿ ಅಂಗೀಕಾರವಾದಾಗ ಕಾಮತರು ಎದ್ದು, ಇದು ದುಃಖದ ದಿನ, ನಾಚಿಕೆಯ ದಿನ ಎಂದರು. ಆ ಮಾತು ಸಭೆಯ ವರದಿಯಲ್ಲಿ ಅಚ್ಚಾಗಿ ಉಳಿಯಿತು. ಅಂಗೀಕಾರವಾದ ವಿಧಿ ಇಂದಿನ 359ನೆಯದು.

ಗಣರಾಜ್ಯ ಹುಟ್ಟಿ ಒಂದು ತಿಂಗಳು ಕಳೆಯುವುದರೊಳಗೆ, 1950ರ ಫೆಬ್ರವರಿಯಲ್ಲಿ, ಸರ್ದಾರ್ ಪಟೇಲರು ಮುನ್ನೆಚ್ಚರಿಕೆಯ ಬಂಧನದ ಕಾಯಿದೆಯನ್ನು ಪಾರ್ಲಿಮೆಂಟಿನ ಮುಂದೆ ತಂದರು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾಯಿದೆ ಅದು. ಅದರ 14ನೆಯ ಕಲಮು ಇನ್ನೂ ವಿಚಿತ್ರವಾಗಿತ್ತು. ಬಂಧಿತನಿಗೆ ತಿಳಿಸಿದ ಕಾರಣಗಳನ್ನು ಆತ ನ್ಯಾಯಾಲಯದ ಮುಂದೆ ಕೂಡ ಹೇಳಬಾರದು. ನ್ಯಾಯಾಲಯ ಕೇಳಲೂ ಬಾರದು. ತನ್ನನ್ನೇಕೆ ಹಿಡಿದರೆಂಬುದು ಕೈದಿಗೆ ಗೊತ್ತಿದೆ, ಹಿಡಿದವರಿಗೂ ಗೊತ್ತಿದೆ. ನ್ಯಾಯ ಹೇಳಬೇಕಾದವರಿಗೆ ಮಾತ್ರ ಗೊತ್ತಾಗಕೂಡದು!

ಆಗ ಮದರಾಸಿನ ಸೆರೆಯಲ್ಲಿದ್ದ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ಪರವಾಗಿ ವಾದಿಸಿದವರು ಮಂಗಳೂರಿನಲ್ಲಿ ವಕೀಲಿ ಮಾಡಿದ್ದ ಎಂ. ಕೆ. ನಂಬಿಯಾರ್. 1950ರ ಮೇ 19ರಂದು ತೀರ್ಪು ಬಂದಿತು. ಕಾಯಿದೆ ಉಳಿಯಿತು, ಗೋಪಾಲನ್ನರ ಅರ್ಜಿ ಬಿದ್ದುಹೋಯಿತು. ಆದರೆ 14ನೆಯ ಕಲಮನ್ನು ನ್ಯಾಯಾಲಯ ಕಿತ್ತುಹಾಕಿತು. ಕಾರಣವನ್ನು ನ್ಯಾಯಾಧೀಶರಿಂದ ಮುಚ್ಚಿಟ್ಟರೆ ಸಂವಿಧಾನ ಕೊಟ್ಟ ರಕ್ಷಣೆ ಬರಿಯ ಅಕ್ಷರವಾಗುತ್ತದೆ ಎಂಬುದು ಅದರ ತಾತ್ಪರ್ಯ. ಸೋತ ಅರ್ಜಿಯೊಂದು ಗೆದ್ದುಕೊಟ್ಟ ಫಲವಿದು.

ಮುಂದೆ 1952ರಲ್ಲಿ ಮೊದಲ ಲೋಕಸಭೆ ಸೇರಿದಾಗ ಗೋಪಾಲನ್ ವಿರೋಧ ಪಕ್ಷದ ಮುಂಚೂಣಿಯಲ್ಲಿ ಕುಳಿತರು. ಅದೇ ವರ್ಷ ಬಂಧನದ ಕಾಯಿದೆಯನ್ನು ಮುಂದುವರಿಸುವ ಮಸೂದೆ ಬಂದಾಗ ಎಡಗಡೆಯ ಗೋಪಾಲನ್ನರೂ ಬಲಗಡೆಯ ಶ್ಯಾಮಪ್ರಸಾದ ಮುಖರ್ಜಿಯವರೂ ಒಂದೇ ಕಡೆ ನಿಂತರು. ಬೇರೆ ಯಾವ ವಿಷಯದಲ್ಲಿಯೂ ಒಬ್ಬರ ಮಾತನ್ನು ಒಬ್ಬರು ಒಪ್ಪದವರು ಅವರು. ಮಸೂದೆ ಪಾಸಾಯಿತು. ಒಂದು ವರ್ಷಕ್ಕೆಂದು ಬಂದಿದ್ದ ಕಾಯಿದೆ ಮತ್ತೆ ಮತ್ತೆ ಆಯುಸ್ಸು ಪಡೆದು 1969ರ ಕೊನೆಯವರೆಗೂ ಬದುಕಿತು. ಎರಡು ವರ್ಷಗಳಲ್ಲಿ, 1971ರಲ್ಲಿ, ಅದರ ಜಾಗಕ್ಕೆ ಆಂತರಿಕ ಭದ್ರತಾ ಕಾಯಿದೆ ಬಂದಿತು. ಜನರು ಅದನ್ನು ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ ‘ಮೀಸಾ’ ಎಂದು ಕರೆದರು.

ಇನ್ನು ಕಥೆ ಬೆಂಗಳೂರಿಗೆ ಬರುತ್ತದೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿತ್ತು. ಜಯಪ್ರಕಾಶ ನಾರಾಯಣರ ಚಳುವಳಿ ಕಾವೇರಿತ್ತು. ದೇಶದ ಭದ್ರತೆಗೆ ಒಳಗಿನಿಂದಲೇ ಅಪಾಯ ಬಂದಿದೆ ಎಂದು ಹೇಳಿ ಸರಕಾರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯನ್ನು ಸಾರಿತು. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಜಂಟಿ ಸಮಿತಿಯ ಸಭೆಗೆಂದು ಪಾರ್ಲಿಮೆಂಟಿನ ಕೆಲವು ಸದಸ್ಯರು ಆಗ ಬೆಂಗಳೂರಿಗೆ ಬಂದು, ವಿಧಾನಸೌಧದ ಬಳಿಯ ಶಾಸಕರ ಭವನದಲ್ಲಿ ಇಳಿದುಕೊಂಡಿದ್ದರು. ಜೂನ್ 26ರ ಬೆಳಿಗ್ಗೆ ಪೊಲೀಸರು ಬಂದರು. ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಮತ್ತು ಲಾಲ್ ಕೃಷ್ಣ ಅಡ್ವಾಣಿ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ, ಸಮಾಜವಾದಿ ಮಧು ದಂಡವತೆ, ಈ ನಾಲ್ವರೂ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು. ಕಾಯಿದೆ ಮಾಡಲು ಬಂದವರು ಕಾಯಿದೆಯ ಕೈಗೇ ಸಿಕ್ಕಿದರು.

ಮರುದಿನ ರಾಷ್ಟ್ರಪತಿಯ ಆಜ್ಞೆ ಹೊರಟಿತು. 359ನೆಯ ವಿಧಿಯ ಮೇರೆಗೆ, ಸಮಾನತೆಯ 14ನೆಯ ವಿಧಿ, ಪ್ರಾಣ ಮತ್ತು ಸ್ವಾತಂತ್ರ್ಯದ 21ನೆಯ ವಿಧಿ, ಬಂಧಿತರ ರಕ್ಷಣೆಯ 22ನೆಯ ವಿಧಿ, ಇವುಗಳಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಕಾಮತರು ಹೆದರಿದ್ದ ಬಾಗಿಲು ಇದೇ. ಜೂನ್ 29ರ ಸುಗ್ರೀವಾಜ್ಞೆ ಮೀಸಾ ಕಾಯಿದೆಗೆ ಹೊಸ ಕಲಮೊಂದನ್ನು ಸೇರಿಸಿತು: ತುರ್ತುಪರಿಸ್ಥಿತಿಯ ದೃಷ್ಟಿಯಿಂದ ಬಂಧನ ಅಗತ್ಯವೆಂದು ಸರಕಾರ ಘೋಷಿಸಿದರೆ ಬಂಧಿತನಿಗೆ ಕಾರಣವನ್ನೇ ತಿಳಿಸಬೇಕಾಗಿಲ್ಲ. ಮುಂದೆ 1976ರ ಆರಂಭದ ಹೊತ್ತಿಗೆ, ಆ ಕಾರಣಗಳು ರಾಜ್ಯದ ರಹಸ್ಯಗಳು, ನ್ಯಾಯಾಲಯಕ್ಕೂ ತೋರಿಸತಕ್ಕವಲ್ಲ ಎಂಬ ಮಾತೂ ಕಾಯಿದೆಯಲ್ಲಿ ಸೇರಿತು. 1950ರಲ್ಲಿ ಕಿತ್ತುಹಾಕಿದ್ದ ಕಳೆ ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಚಿಗುರಿತು. 1950ರಲ್ಲಿ ಕೈದಿಗಾದರೂ ಕಾರಣ ಗೊತ್ತಿರುತ್ತಿತ್ತು. ಈಗ ಅದೂ ಇಲ್ಲ.

ಜುಲೈ 21ರಂದು ಪಾರ್ಲಿಮೆಂಟು ಸೇರಿತು. ವಿರೋಧ ಪಕ್ಷಗಳ ಸಾಲಿನಲ್ಲಿ ಅನೇಕ ಆಸನಗಳು ಬರಿದಾಗಿದ್ದವು. ಸರಕಾರ ಮೊದಲು ತಂದ ನಿರ್ಣಯವೇ ಪ್ರಶ್ನೋತ್ತರ ಕಾಲವನ್ನು ಕೈಬಿಡಬೇಕೆಂಬುದು. ಪ್ರಶ್ನೆ ಕೇಳುವುದು ಬಿಟ್ಟರೆ ಅಲ್ಪಸಂಖ್ಯೆಯ ಸದಸ್ಯನ ಕೈಯಲ್ಲಿ ಇನ್ನೇನು ಉಳಿಯುತ್ತದೆ? ಎಪ್ಪತ್ತು ವರ್ಷ ದಾಟಿದ್ದ ಗೋಪಾಲನ್ ಆ ಸಭೆಯಲ್ಲಿ ಎದ್ದು ನಿಂತು ತುರ್ತುಪರಿಸ್ಥಿತಿಯನ್ನು ಖಂಡಿಸಿದರು. ಮತಕ್ಕೆ ಹಾಕಿದಾಗ ರಾಜ್ಯಸಭೆಯಲ್ಲಿ ಸರಕಾರದ ಪರ 136, ವಿರುದ್ಧ 33. ಲೋಕಸಭೆಯಲ್ಲಿ ಪರ 336, ವಿರುದ್ಧ 59. ಆ ಬಳಿಕ ವಿರೋಧ ಪಕ್ಷಗಳವರಲ್ಲಿ ಹೆಚ್ಚಿನವರು ಸಭಾತ್ಯಾಗ ಮಾಡಿದರು.

ಆ ಭಾಷಣಗಳನ್ನು ಮರುದಿನದ ಪತ್ರಿಕೆಯಲ್ಲಿ ಓದುವ ಭಾಗ್ಯ ಜನರಿಗೆ ಇರಲಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿಗಿಯಾಗಿತ್ತು. ಪಾರ್ಲಿಮೆಂಟಿನ ನಡಾವಳಿಯನ್ನು ನಿರ್ಭಯವಾಗಿ ಅಚ್ಚು ಮಾಡಲು ಪತ್ರಿಕೆಗಳಿಗೆ ರಕ್ಷಣೆ ಕೊಡುವ ಕಾಯಿದೆಯೊಂದು 1956ರಿಂದ ಇದ್ದಿತು. ಅದನ್ನು ತಂದವರು ಪ್ರಧಾನಿಯವರ ಪತಿಯೇ ಆಗಿದ್ದ ಫಿರೋಜ್ ಗಾಂಧಿ. ಆ ಕಾಯಿದೆಯನ್ನೂ ರದ್ದುಗೊಳಿಸಲಾಯಿತು. ಸಭೆಯಲ್ಲಿ ಆಡಿದ ಮಾತು ಸಭೆಯ ಗೋಡೆಗಳಿಗೆ ಮಾತ್ರ ಕೇಳುವಂತಾಯಿತು.

ಬೆಂಗಳೂರಿನ ಸೆರೆಯಲ್ಲಿದ್ದವರು ಸುಮ್ಮನೆ ಕೂಡಲಿಲ್ಲ. ಬಂಧನಕ್ಕೆ ಆಧಾರವೇನೆಂದು ತೋರಿಸಿರೆಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿಗೆ ಸಲ್ಲಿಸಿದರು. ಇಂಥ ಅರ್ಜಿಯನ್ನು ವಿಚಾರಿಸುವ ಅಧಿಕಾರವೇ ನ್ಯಾಯಾಲಯಕ್ಕೆ ಇಲ್ಲವೆಂಬುದು ಸರಕಾರದ ಆಕ್ಷೇಪಣೆ. ಹೈಕೋರ್ಟು ಅದನ್ನು ತಳ್ಳಿಹಾಕಿತು. ದೇಶದ ಇತರ ಹಲವು ಹೈಕೋರ್ಟುಗಳೂ ಹಾಗೆಯೇ ಹೇಳಿದವು. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಬಂಧಿತರ ಪರವಾಗಿ ಶಾಂತಿಭೂಷಣ್, ಸೋಲಿ ಸೊರಾಬ್ಜಿ ಮೊದಲಾದವರು ವಾದಿಸಿದರು. ವೈಯಕ್ತಿಕ ದ್ವೇಷದಿಂದ ಪೊಲೀಸಿನವನೊಬ್ಬ ಒಬ್ಬನನ್ನು ಕೊಂದೇಬಿಟ್ಟರೆ ಆಗಲೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೂ ಇಲ್ಲವೆಂದೇ ಸರಕಾರದ ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. 1976ರ ಏಪ್ರಿಲ್ 28ರ ತೀರ್ಪಿನಲ್ಲಿ ಐವರು ನ್ಯಾಯಾಧೀಶರ ಪೈಕಿ ನಾಲ್ವರು ಸರಕಾರದ ಪರ ನಿಂತರು. ಖನ್ನಾ ಒಬ್ಬರೇ ಬೇರೆಯಾದರು. ಸೇವೆಯಲ್ಲಿ ಹಿರಿಯರಾಗಿದ್ದರೂ 1977ರ ಜನವರಿಯಲ್ಲಿ ಅವರಿಗೆ ಮುಖ್ಯ ನ್ಯಾಯಾಧೀಶರ ಪದವಿ ತಪ್ಪಿತು. ಅವರು ರಾಜೀನಾಮೆ ಕೊಟ್ಟರು. ಆ ಅವಧಿಯಲ್ಲಿ ಮೀಸಾ ಒಂದರ ಕೆಳಗೆ ಸೆರೆ ಕಂಡವರು ಸುಮಾರು 35 ಸಾವಿರ ಜನರೆಂದು ಮುಂದೆ ಷಾ ಆಯೋಗ ಲೆಕ್ಕ ಕೊಟ್ಟಿತು.

ಆ ವರ್ಷದ ಮಾರ್ಚ್ ತಿಂಗಳಲ್ಲಿ ಜನರು ತಮ್ಮ ತೀರ್ಪನ್ನು ಕೊಟ್ಟರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ಹಿಂತೆಗೆದುಕೊಂಡಿತು. ಅದರ ಮರುದಿನವೇ ಗೋಪಾಲನ್ ತೀರಿಕೊಂಡರು. ಬೆಂಗಳೂರಿನ ನಾಲ್ವರು ಕೈದಿಗಳಲ್ಲಿ ವಾಜಪೇಯಿ, ಅಡ್ವಾಣಿ, ದಂಡವತೆ ಮಂತ್ರಿಗಳಾದರು. ಪತ್ರಿಕೆಗಳಿಗೆ ರಕ್ಷಣೆ ಕೊಡುವ ಕಾಯಿದೆ 1977ರಲ್ಲಿಯೇ ಮರಳಿ ಬಂದಿತು. 1978ರಲ್ಲಿ ಮೀಸಾ ರದ್ದಾಯಿತು. ನ್ಯಾಯಾಲಯದಲ್ಲಿ ಬಂಧಿತರ ಪರ ವಾದಿಸಿ ಸೋತಿದ್ದ ಶಾಂತಿಭೂಷಣರು ಈಗ ಕಾನೂನು ಮಂತ್ರಿಗಳಾಗಿ ಸಂವಿಧಾನಕ್ಕೆ 44ನೆಯ ತಿದ್ದುಪಡಿಯನ್ನು ತಂದರು. ತುರ್ತು ಕಾಲದಲ್ಲಿಯೂ 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ತಡೆಹಿಡಿಯುವಂತಿಲ್ಲ ಎಂಬುದು ಅದರ ಒಂದು ಅಂಶ. ಆ ಲೋಕಸಭೆಯಲ್ಲಿ ಹೋಷಂಗಾಬಾದಿನಿಂದ ಆರಿಸಿ ಬಂದಿದ್ದ ಎಪ್ಪತ್ತರ ವಯಸ್ಸಿನ ಸದಸ್ಯರೊಬ್ಬರಿದ್ದರು. ಅವರೇ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. 1949ರಲ್ಲಿ ಸಭೆ ಕೇಳದ ಮಾತಿನ ಒಂದು ಪಾಲು ಅವರ ಕಣ್ಣೆದುರಿಗೇ ಕಾನೂನಾಯಿತು.

1976ರ ತೀರ್ಪು ಮಾತ್ರ ಹಾಗೆಯೇ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರ ಪೀಠ ಅದನ್ನು ಸ್ಪಷ್ಟವಾಗಿ ತಳ್ಳಿಹಾಕಿತು. ಆ ತೀರ್ಪನ್ನು ಬರೆದವರಲ್ಲಿ ಡಿ. ವೈ. ಚಂದ್ರಚೂಡ್ ಒಬ್ಬರು, 1976ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ. ವಿ. ಚಂದ್ರಚೂಡರ ಮಗ.

ಇಲ್ಲಿಗೆ ಕಥೆ ಮಂಗಳವಾಯಿತೆಂದು ಎದ್ದುಹೋಗುವಂತಿಲ್ಲ. ಮುನ್ನೆಚ್ಚರಿಕೆಯ ಬಂಧನದ ಮೇಲೆ ಇನ್ನಷ್ಟು ಹಿಡಿತ ತರಲು 44ನೆಯ ತಿದ್ದುಪಡಿ 22ನೆಯ ವಿಧಿಯಲ್ಲಿ ಮಾಡಿದ ಬದಲಾವಣೆ ಇಂದಿಗೂ ಜಾರಿಗೆ ಬಂದಿಲ್ಲ. ಅದಕ್ಕೆ ಬೇಕಾದ ಅಧಿಸೂಚನೆಯನ್ನು ಮುಂದಿನ ಯಾವ ಸರಕಾರವೂ ಹೊರಡಿಸಲಿಲ್ಲ. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯಿದೆ ಬಂದಿತು. ಅದನ್ನು ಎಲ್ಲ ಬಣ್ಣದ ಪಕ್ಷಗಳ ಸರಕಾರಗಳೂ ಬಳಸಿವೆ. ವಿರೋಧದ ಸಾಲಿನಲ್ಲಿ ಕುಳಿತಾಗ ಕೇಳಿದ ಪ್ರಶ್ನೆಯನ್ನು ಅಧಿಕಾರದ ಸಾಲಿಗೆ ಬಂದ ಮೇಲೂ ನೆನಪಿನಲ್ಲಿಟ್ಟುಕೊಳ್ಳುವವರು ವಿರಳ. ಆದ್ದರಿಂದಲೇ ಆ ಪ್ರಶ್ನೆಯನ್ನು ಕೇಳಲು ಸದಾ ಯಾರಾದರೂ ಎದುರು ಸಾಲಿನಲ್ಲಿ ಇರಬೇಕಾಗುತ್ತದೆ.

ಪಾರ್ಲಿಮೆಂಟಿನಲ್ಲಿ 59 ಮತಗಳು 336ನ್ನು ಗೆಲ್ಲಲಾರವು. ಆದರೂ ಅಂಥ ಸಣ್ಣ ಸಂಖ್ಯೆಯವರು ಆಡಿದ ಮಾತು ನಡಾವಳಿಯ ಪುಸ್ತಕದಲ್ಲಿ ಬಿತ್ತದ ಹಾಗೆ ಕುಳಿತಿರುತ್ತದೆ. ಅದು ಮೊಳೆಯಲು ಕೆಲವೊಮ್ಮೆ ಮೂವತ್ತು ವರ್ಷ ಬೇಕಾಗಬಹುದು. ಇವರೆಲ್ಲ ಕೇಳಿದ್ದು ದೊಡ್ಡ ಸಂಗತಿಯೇನೂ ಅಲ್ಲ. ಒಬ್ಬ ಮನುಷ್ಯನನ್ನು ಸೆರೆಗೆ ಹಾಕಿದ್ದೀರಿ, ಏತಕ್ಕೆಂದು ಹೇಳಿರಿ ಎಂದರು, ಅಷ್ಟೆ. ಉತ್ತರ ಕೊಡಬೇಕಾದ ಸರಕಾರವು ಉತ್ತರವನ್ನು ರಹಸ್ಯವೆಂದು ಬೀಗ ಹಾಕಿದ ದಿನ ಹಕ್ಕುಗಳಿಗೂ ಬೀಗ ಬಿದ್ದಿತು. ಆ ಎರಡು ಬೀಗಗಳಿಗೂ ಬೀಗದ ಕೈ ಒಂದೇ ಎಂಬುದನ್ನು ಹಳ್ಳಿಯ ಕಟ್ಟೆಯ ಹಿರಿಯರು ಯಾವ ಸಂವಿಧಾನವನ್ನೂ ಓದದೆಯೇ ಬಲ್ಲರು.