ಕಲ್ಯಾಣದ ಜಟ್ಟಿ, ಮೈಸೂರಿನ ನೆತ್ತರು

ಸುಲೇಪೇಟ ಸೀಮೆಯ ನಾವು ವಜ್ರಮುಷ್ಟಿ ಕಾಳಗವನ್ನು ನೋಡಿದ್ದು ಟಿವಿಯಲ್ಲೇ. ಮೈಸೂರು ದಸರಾ, ವಿಜಯದಶಮಿ. ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ಮೊನೆಯ ಆಯುಧ ತೊಟ್ಟು ಗುದ್ದಾಡುತ್ತಾರೆ. ಮೊದಲ ರಕ್ತ ಬಂದರೆ ಕಾಳಗ ಮುಗಿಯಿತು.

ಜಟ್ಟಿಯ ಹಳೆಯ ಗುರುತು ಮಾತ್ರ ನಮ್ಮ ಕಡೆಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೇ ಒಂದು ಭಾಗ ಮೀಸಲು. ಅಲ್ಲಿ ಮೇಲ್ದರ್ಜೆಯ ಪೈಲ್ವಾನ ‘ಜ್ಯೇಷ್ಠಿಕ’. ಜಟ್ಟಿ ಬಂದದ್ದೂ ಜ್ಯೇಷ್ಠದಿಂದಲೇ. ಉದ್ದು, ಮಾಂಸ, ಹಾಲು, ತುಪ್ಪ ಎಂದು ಅವರ ಊಟವನ್ನೂ ದೊರೆ ಬರೆಸಿದ್ದಾನೆ!

ಅಮೆರಿಕದಲ್ಲೂ ಕೈಗವಸಿಲ್ಲದೆ ಗುದ್ದಾಡುವ ಪಂದ್ಯಗಳಿದ್ದವು. 1889ರಲ್ಲಿ 75 ಸುತ್ತು ಕಾದಾಡಿ ಗೆದ್ದ ಜಾನ್ ಸಲಿವನ್ ಪತ್ರಿಕೆಗಳಿಂದಲೇ ಮನೆಮಾತಾದ. ನಾವು ವರದಿಗಾರರು ದಸರಾ ಆನೆಗಳ ಹೆಸರನ್ನೆಲ್ಲ ಸಾಲಾಗಿ ಬರೆಯುತ್ತೇವೆ. ನೆತ್ತರು ಸುರಿಸಿದ ಜಟ್ಟಿಗೆ ಸಿಗುವುದು ಫೋಟೊ ಕೆಳಗಿನ ಒಂದು ಸಾಲು.