ಬೆಂಗಳೂರು ಮರೆತ ಕೆರೆ, ಹಕ್ಕಿಗಳು ಮರೆಯದ ದಾರಿ

ಚಿಕ್ಕಬಾಣಾವರದಲ್ಲಿ ರೈಲಿಳಿದು ಕಾಲೇಜಿಗೆ ಓಡೋರಿಗೆ ಸೋಲದೇವನಹಳ್ಳಿ ಅಂದ್ರೆ ಒಂದು ಬಸ್ ಸ್ಟಾಪ್ ಅಷ್ಟೇ. ಆದ್ರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಡೀ ಬೆಂಗಳೂರಿನ ಬಾಯಾರಿಕೆ ತಣಿಸ್ತಿದ್ದ ಊರು ಇದು, ಗೊತ್ತಾ?

ಆಗ ಊರು ಬೆಳೀತಿತ್ತು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳ ನೀರು ಸಾಲುತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿದರು. ಇಟ್ಟಿಗೆಯ ಕಾಲುವೆಯಲ್ಲಿ ನೀರು ಸೋಲದೇವನಹಳ್ಳಿ ಕಡೆಗೆ ಹರಿದು ಬರ್ತಿತ್ತು. ಅಲ್ಲಿಂದ ಸ್ಟೀಮ್ ಎಂಜಿನ್‌ಗಳು ಅದನ್ನ ಎತ್ತಿ ಬೆಂಗಳೂರಿಗೆ ಕಳಿಸ್ತಿದ್ದವು.

ಕಟ್ಟಿದ್ದು ಮನುಷ್ಯರಿಗಾಗಿ. ಆದ್ರೆ ಅದರ ಆಳವಿಲ್ಲದ ಅಂಚು, ಕೆಸರು, ಜೊಂಡು ಹಕ್ಕಿಗಳಿಗೂ ಒದಗಿತು. ಮಳೆಗಾಲ ಮುಗೀತಿದ್ದಂಗೆ ಮೊದಲು ಬರೋದು ಬಾಲ ಕುಣಿಸೋ ಸಿಪಿಲೆ, ಗೊರವ. ಆಮೇಲೆ ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಹಿಮಾಲಯ ದಾಟಿ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು. ಅಲ್ಲಿ ನೀರು ಹೆಪ್ಪುಗಟ್ಟುತ್ತೆ, ತಿನ್ನೋಕೆ ಸಿಗಲ್ಲ. ನಮ್ಮ ಕೆರೆಗಳು ಅದೇ ಹೊತ್ತಿಗೆ ತುಂಬಿರುತ್ತವೆ.

1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು, 1974ಕ್ಕೆ ಕಾವೇರಿ ನೀರು ಬಂತು. ಊರಿಗೆ ಹೆಸರಘಟ್ಟದ ಅಗತ್ಯ ಕಡಿಮೆಯಾಯ್ತು. ಅರ್ಕಾವತಿಯ ಹರಿವೂ ಬತ್ತಿತು, ಕೆರೆ ಎಷ್ಟೋ ವರ್ಷ ಒಣಗಿತ್ತು. ಆದ್ರೂ ಹಕ್ಕಿಗಳು ಪೂರ್ತಿ ಬಿಟ್ಟುಹೋಗಲಿಲ್ಲ. ಸುತ್ತಲಿನ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಹ್ಯಾರಿಯರ್ ಅನ್ನೋ ಬೇಟೆಹಕ್ಕಿಗಳು ಬರ್ತಾನೇ ಇದ್ದವು.

ಇದು ನಮಗೆ ಹೇಗೆ ಗೊತ್ತು? ಯಾರೋ ನೋಡಿ ಬರೆದಿಟ್ಟಿದ್ದರಿಂದ. 1972ರಲ್ಲಿ ಜೋಸೆಫ್ ಜಾರ್ಜ್ ಅವರು ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಕ್ಲಬ್ ಶುರು ಮಾಡಿದರು. 1987ರಿಂದ ಪ್ರತಿ ಜನವರಿ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೀತಿದೆ. ಬೈನಾಕ್ಯುಲರ್, ನೋಟ್‌ಬುಕ್, ಭಾನುವಾರದ ಬೆಳಗು, ಇಷ್ಟೇ ಬಂಡವಾಳ.

ಆ ಪಟ್ಟಿಗಳೇ ಮುಂದೆ ಸಾಕ್ಷಿಯಾದವು. ಹೆಸರಘಟ್ಟದಲ್ಲಿ ಫಿಲ್ಮ್ ಸಿಟಿ ಕಟ್ಟೋ ಪ್ರಸ್ತಾವ ಬಂದಾಗ, "ಇದು ಬರೀ ಖಾಲಿ ಜಾಗ ತಾನೇ" ಅನ್ನೋ ಮಾತಿಗೆ ಉತ್ತರ ಇದ್ದದ್ದು ಅಲ್ಲಿ. ವಿಷಯ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಕೊನೆಗೆ 2024ರಲ್ಲಿ 5,678 ಎಕರೆಯನ್ನ ಸಂರಕ್ಷಣಾ ಮೀಸಲು ಮಾಡೋಕೆ ಸರ್ಕಾರ ಒಪ್ಪಿತು.

ಆದ್ರೆ ಹಕ್ಕಿಗೆ ಒಂದೇ ಕೆರೆ ಸಾಲಲ್ಲ. ಒಂದು ಒಣಗಿದರೆ ಪಕ್ಕದ್ದು ಬೇಕು. ಪಕ್ಕದ್ದು ಅಂದ್ರೆ ನಮ್ಮ ಚಿಕ್ಕಬಾಣಾವರ ಕೆರೆ. ಬಡಾವಣೆಗಳ ಕೊಳಚೆ ಸೇರಿ ಸೊರಗಿರೋ ಈ ಕೆರೆಗೆ ದಿವಾನರೂ ಇಲ್ಲ, ಮೀಸಲು ಪಟ್ಟವೂ ಇಲ್ಲ.

ಇರೋದು ನೀವು, ನಿಮ್ಮ ಕೈಲಿರೋ ಫೋನು. ಈ ಅಕ್ಟೋಬರ್‌ನಲ್ಲಿ ಬೆಳಗ್ಗೆ ಏಳಕ್ಕೆ ಏರಿ ಮೇಲೆ ಅರ್ಧ ಗಂಟೆ ನಿಲ್ಲಿ. ಕಂಡ ಹಕ್ಕಿಗಳನ್ನ ಎಣಿಸಿ, ದಿನಾಂಕ ಹಾಕಿ ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಿ. ಹೆಸರು ಗೊತ್ತಾಗದಿದ್ರೆ ಫೋಟೋ ಇಟ್ಕೊಳ್ಳಿ. ನಾಳೆ ಯಾರಾದ್ರೂ "ಇಲ್ಲಿ ಏನಿದೆ ಮಹಾ?" ಅಂತ ಕೇಳಿದ್ರೆ, ತೋರಿಸೋಕೆ ಒಂದು ಪಟ್ಟಿ ಇರಲಿ.