ಕಾರ್ವೆಟ್ ಕಾರಿನ ಮಧ್ಯ-ಎಂಜಿನ್ ವಿನ್ಯಾಸದ ಚರ್ಚೆ

ಷೆವರ್ಲೆ ಕಾರ್ವೆಟ್ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1953ರಿಂದ ತಯಾರಿಸುತ್ತಿರುವ ಎರಡು ಆಸನಗಳ ಕ್ರೀಡಾ ಕಾರು. ಇದರ ಮೊದಲ ಏಳು ತಲೆಮಾರುಗಳಲ್ಲಿ ಎಂಜಿನ್ ಚಾಲಕನ ಮುಂದೆ, ಉದ್ದನೆಯ ಬಾನೆಟ್ಟಿನ ಕೆಳಗೆ ಇತ್ತು. 2019ರ ಜುಲೈ 18ರಂದು ಅನಾವರಣಗೊಂಡ ಎಂಟನೆಯ ತಲೆಮಾರಿನಲ್ಲಿ (ಸಿ8) ಎಂಜಿನ್ ಅನ್ನು ಆಸನಗಳ ಹಿಂದಕ್ಕೆ, ಹಿಂದಿನ ಅಚ್ಚಿಗಿಂತ ಮುಂದೆ ಅಳವಡಿಸಲಾಯಿತು. ಈ ಬದಲಾವಣೆಯು ಅಗತ್ಯವೇ, ಬದಲಾದ ಮೇಲೂ ಆ ಕಾರು ಕಾರ್ವೆಟ್ ಆಗಿ ಉಳಿಯುತ್ತದೆಯೇ ಎಂಬ ಚರ್ಚೆ ಸಂಸ್ಥೆಯ ಒಳಗೂ ಅಭಿಮಾನಿಗಳ ನಡುವೆಯೂ ಸುಮಾರು ಆರು ದಶಕಗಳ ಕಾಲ ನಡೆಯಿತು.

ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಕವಾಗಿದ್ದವು. ಎಂಜಿನ್ ಎಲ್ಲಿದ್ದರೆ ಕಾರು ವೇಗವಾಗಿ ಮತ್ತು ಸ್ಥಿರವಾಗಿ ಓಡುತ್ತದೆ ಎಂಬುದು ಮೊದಲನೆಯದು. ಇದು ಭೌತಶಾಸ್ತ್ರದ ಪ್ರಶ್ನೆ. ಕಾರ್ವೆಟ್ ಎಂಬ ಹೆಸರಿಗೆ ಅರ್ಥ ಕೊಡುವುದು ಅದರ ಆಕಾರವೋ, ಬೆಲೆಯೋ, ಚಾಲನೆಯ ಅನುಭವವೋ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರವು ರೇಸಿಂಗ್ ಕ್ಷೇತ್ರದಲ್ಲಿ 1960ರ ದಶಕದಲ್ಲಿಯೇ ದೊರೆತಿದ್ದರೂ, ಎರಡನೆಯ ಪ್ರಶ್ನೆಯ ಕಾರಣದಿಂದ ಚರ್ಚೆ ಮುಂದುವರಿಯಿತು.

ತಾಂತ್ರಿಕ ಹಿನ್ನೆಲೆ

ಕಾರಿನ ಭಾಗಗಳಲ್ಲಿ ಎಂಜಿನ್ ಅತ್ಯಂತ ಭಾರವಾದವುಗಳಲ್ಲೊಂದು. ಅದು ಎರಡು ಅಚ್ಚುಗಳ ನಡುವೆ, ಕಾರಿನ ಮಧ್ಯಭಾಗಕ್ಕೆ ಹತ್ತಿರದಲ್ಲಿದ್ದರೆ ತಿರುವುಗಳಲ್ಲಿ ಕಾರು ದಿಕ್ಕು ಬದಲಿಸುವಾಗ ಎದುರಾಗುವ ಜಡತ್ವ ಕಡಿಮೆಯಾಗುತ್ತದೆ. ಭಾರವು ಎರಡು ತುದಿಗಳಲ್ಲಿರುವ ಕೋಲಿಗಿಂತ ನಡುವಿನಲ್ಲಿರುವ ಕೋಲನ್ನು ತಿರುಗಿಸುವುದು ಸುಲಭವೆಂಬುದೇ ಇದರ ತತ್ತ್ವ.

ಕಾರು ವೇಗ ಹೆಚ್ಚಿಸಿಕೊಳ್ಳುವಾಗ ಅದರ ಭಾರದ ಒಂದಂಶ ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ. ಎಂಜಿನ್ ಸಹ ಹಿಂದೆಯೇ ಇದ್ದರೆ ಹಿಂದಿನ ಟೈರುಗಳು ರಸ್ತೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತವೆ. ಎಂಜಿನ್‌ನ ಶಕ್ತಿ ಟೈರು ಜಾರುವುದರಲ್ಲಿ ವ್ಯರ್ಥವಾಗುವುದಿಲ್ಲ. ಬ್ರೇಕ್ ಹಾಕಿದಾಗ ಭಾರವು ಮುಂದಕ್ಕೆ ಸರಿಯುವುದರಿಂದ ನಾಲ್ಕೂ ಗಾಲಿಗಳು ಹೆಚ್ಚು ಸಮನಾಗಿ ಕೆಲಸ ಮಾಡುತ್ತವೆ.

ಇದಕ್ಕೆ ಪ್ರತಿಯಾಗಿ ಕೆಲವು ತೊಡಕುಗಳೂ ಇವೆ. ಎಂಜಿನ್‌ನ ಶಾಖ ಮತ್ತು ಸದ್ದು ಪ್ರಯಾಣಿಕರ ಬೆನ್ನ ಹಿಂದೆಯೇ ಇರುತ್ತವೆ. ಹಿಂದಿನ ನೋಟ ಕುಗ್ಗುತ್ತದೆ, ಸಾಮಾನು ಇಡುವ ಸ್ಥಳ ಕಡಿಮೆಯಾಗುತ್ತದೆ. ಮಿತಿ ಮೀರಿದ ವೇಗದಲ್ಲಿ ಹಿಡಿತ ತಪ್ಪಿದರೆ ಇಂತಹ ಕಾರು ಥಟ್ಟನೆ ತಿರುಗಿಬಿಡುವ ಸಾಧ್ಯತೆಯಿದ್ದು, ಚಾಲಕನಿಗೆ ಸರಿಪಡಿಸಿಕೊಳ್ಳಲು ಸಿಗುವ ಸಮಯ ಕಡಿಮೆ.

ಪಾರಿಭಾಷಿಕವಾಗಿ ಹೇಳುವುದಾದರೆ ಏಳನೆಯ ತಲೆಮಾರಿನ ಕಾರ್ವೆಟ್ (ಸಿ7) ಸಹ ಒಂದು ಬಗೆಯ ಮಧ್ಯ-ಎಂಜಿನ್ ಕಾರೇ. ಅದರ ಎಂಜಿನ್ ಮುಂದಿನ ಅಚ್ಚಿಗಿಂತ ಹಿಂದಿತ್ತು. 1997ನೇ ಮಾದರಿ ವರ್ಷದ ಸಿ5ರಿಂದ ಗೇರ್‌ಬಾಕ್ಸ್ ಅನ್ನು ಹಿಂದಿನ ಅಚ್ಚಿನ ಬಳಿಗೆ ಒಯ್ದು ಭಾರವನ್ನು ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಲಾಗಿತ್ತು. ಆದರೆ ಸಾಮಾನ್ಯ ಬಳಕೆಯಲ್ಲಿ 'ಮಧ್ಯ-ಎಂಜಿನ್' ಎಂದರೆ ಚಾಲಕನ ಹಿಂದೆ ಎಂಜಿನ್ ಇರುವ ವಿನ್ಯಾಸವೆಂದೇ ಅರ್ಥ.

ರೇಸಿಂಗ್ ಕ್ಷೇತ್ರದ ಪ್ರಭಾವ

1959ರಲ್ಲಿ ಜ್ಯಾಕ್ ಬ್ರಾಭಮ್ ಅವರು ಚಾಲಕನ ಹಿಂದೆ ಎಂಜಿನ್ ಇದ್ದ ಕೂಪರ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಇಟಲಿಯ ಎಂಜೊ ಫೆರಾರಿ ಅವರು ಆರಂಭದಲ್ಲಿ ಈ ವಿನ್ಯಾಸವನ್ನು ಒಪ್ಪಿರಲಿಲ್ಲ. ಎತ್ತು ಗಾಡಿಯನ್ನು ಎಳೆಯಬೇಕೇ ಹೊರತು ಹಿಂದಿನಿಂದ ತಳ್ಳಬಾರದು ಎಂಬರ್ಥದ ಮಾತು ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಆದರೆ 1961ರಲ್ಲಿ ಫೆರಾರಿ ತಂಡವೂ ಹಿಂಬದಿ ಎಂಜಿನ್ ಇದ್ದ ಕಾರಿನಿಂದಲೇ ಚಾಂಪಿಯನ್ ಪಟ್ಟ ಗೆದ್ದಿತು. 1965ರಲ್ಲಿ ಜಿಮ್ ಕ್ಲಾರ್ಕ್ ಅವರು ಲೋಟಸ್ ಕಾರಿನಲ್ಲಿ ಇಂಡಿಯಾನಾಪೊಲಿಸ್ 500 ಸ್ಪರ್ಧೆಯನ್ನು ಗೆದ್ದ ಬಳಿಕ ಅಮೆರಿಕದ ರೇಸಿಂಗ್ ವಲಯವೂ ಇದೇ ದಾರಿ ಹಿಡಿಯಿತು. 1966ರ ಲ್ಯಾಂಬೊರ್ಗಿನಿ ಮಿಯೂರಾ ಈ ವಿನ್ಯಾಸವನ್ನು ರಸ್ತೆಯ ಮೇಲಿನ ಐಷಾರಾಮಿ ಕಾರುಗಳಿಗೆ ತಂದ ಪ್ರಮುಖ ಮಾದರಿಗಳಲ್ಲೊಂದು.

ಡಂಟೋವ್ ಅವರ ಪ್ರಯತ್ನಗಳು

ಕಾರ್ವೆಟ್ ಕಾರಿಗೆ ಮಧ್ಯ-ಎಂಜಿನ್ ಬೇಕೆಂದು ಪಟ್ಟು ಹಿಡಿದವರಲ್ಲಿ ಜೋರಾ ಆರ್ಕಸ್-ಡಂಟೋವ್ (1909–1996) ಪ್ರಮುಖರು. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ರಷ್ಯನ್ ದಂಪತಿಗಳಿಗೆ ಜನಿಸಿದ ಈ ಎಂಜಿನಿಯರ್, 1953ರಲ್ಲಿ ನ್ಯೂಯಾರ್ಕ್‌ನ ಪ್ರದರ್ಶನವೊಂದರಲ್ಲಿ ಮೊದಲ ಕಾರ್ವೆಟ್ ಅನ್ನು ಕಂಡು ಅದೇ ವರ್ಷ ಜನರಲ್ ಮೋಟಾರ್ಸ್ ಸೇರಿದರು. ಆ ಕಾರನ್ನು ನಿಜವಾದ ಕ್ರೀಡಾ ಕಾರನ್ನಾಗಿ ರೂಪಿಸಿದ ಶ್ರೇಯಸ್ಸು ಅವರಿಗೆ ಸಲ್ಲುವುದರಿಂದ ಅಭಿಮಾನಿಗಳು ಅವರನ್ನು 'ಕಾರ್ವೆಟ್‌ನ ಪಿತಾಮಹ' ಎಂದು ಗೌರವಿಸುತ್ತಾರೆ.

1960ರಲ್ಲಿ ಡಂಟೋವ್ ಅವರು ಸಿಇಆರ್‌ವಿ-1 ಎಂಬ ಒಂಟಿ ಆಸನದ ಮಧ್ಯ-ಎಂಜಿನ್ ಪ್ರಾಯೋಗಿಕ ವಾಹನವನ್ನು ಸಿದ್ಧಪಡಿಸಿದರು. 1964ರಲ್ಲಿ ನಾಲ್ಕೂ ಗಾಲಿಗಳಿಗೆ ಶಕ್ತಿ ಒದಗಿಸುವ ಸಿಇಆರ್‌ವಿ-2 ಬಂದಿತು. 1968ರಲ್ಲಿ ಪ್ರದರ್ಶಿತವಾದ ಆಸ್ಟ್ರೊ-2 ಮಾದರಿಯು ರಸ್ತೆಗೆ ಇಳಿಯಬಹುದಾದ ರೂಪದಲ್ಲಿತ್ತು. ಆದರೆ ಕಾರ್ವೆಟ್‌ನ ಪ್ರಬಲ ವಿ8 ಎಂಜಿನ್‌ನ ಶಕ್ತಿಯನ್ನು ತಾಳಬಲ್ಲ, ಹಿಂಬದಿ ಅಚ್ಚಿನೊಂದಿಗೆ ಜೋಡಣೆಗೊಂಡ ಗೇರ್‌ಬಾಕ್ಸ್ ಕೈಗೆಟಕುವ ಬೆಲೆಯಲ್ಲಿ ದೊರೆಯದಿದ್ದುದು ದೊಡ್ಡ ಅಡ್ಡಿಯಾಯಿತು.

ಮುಂದಿನ ಯತ್ನವಾದ ಎಕ್ಸ್‌ಪಿ-882ರಲ್ಲಿ ಎಂಜಿನ್ ಅನ್ನು ಅಡ್ಡಲಾಗಿ ಇರಿಸಲಾಗಿತ್ತು. ಷೆವರ್ಲೆ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಡೆಲೋರಿಯನ್ ಮೊದಲು ಈ ಯೋಜನೆಯನ್ನು ನಿಲ್ಲಿಸಿದರು. ಪ್ರತಿಸ್ಪರ್ಧಿ ಫೋರ್ಡ್ ಸಂಸ್ಥೆಯು ಮಧ್ಯ-ಎಂಜಿನ್ ಹೊಂದಿದ ಡೆ ಟೊಮಾಸೊ ಪ್ಯಾಂಟೆರಾ ಕಾರನ್ನು ಮಾರಾಟಕ್ಕೆ ತರಲಿದೆ ಎಂದು ತಿಳಿದಾಗ ಅದೇ ಕಾರನ್ನು 1970ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಇರಿಸಲಾಯಿತು. 1973ರಲ್ಲಿ ಇದೇ ತಳಹದಿಯ ಮೇಲೆ ನಾಲ್ಕು ರೋಟರ್‌ಗಳ ವ್ಯಾಂಕೆಲ್ ಎಂಜಿನ್ ಇದ್ದ ಮಾದರಿ ರೂಪುಗೊಂಡಿತು. ಸಂಸ್ಥೆಯು ವ್ಯಾಂಕೆಲ್ ಎಂಜಿನ್ ಯೋಜನೆಯನ್ನೇ ಕೈಬಿಟ್ಟ ನಂತರ 1976ರಲ್ಲಿ ಅದಕ್ಕೆ ವಿ8 ಎಂಜಿನ್ ಜೋಡಿಸಿ ಏರೊವೆಟ್ ಎಂದು ಹೆಸರಿಡಲಾಯಿತು. ಅದನ್ನು ತಯಾರಿಕೆಗೆ ತರುವ ಆಲೋಚನೆ ಇದ್ದರೂ ಅದು ಕೈಗೂಡಲಿಲ್ಲ.

ಆಡಳಿತ ವರ್ಗದ ಹಿಂಜರಿಕೆಗೆ ಪ್ರಬಲವಾದ ವಾಣಿಜ್ಯ ಕಾರಣವಿತ್ತು. 1979ನೇ ಮಾದರಿ ವರ್ಷದಲ್ಲಿ 53,807 ಕಾರ್ವೆಟ್‌ಗಳು ತಯಾರಾದವು. ಅದು ಅಂದಿನವರೆಗಿನ ದಾಖಲೆ. ಹಳೆಯ ವಿನ್ಯಾಸವೇ ಇಷ್ಟು ಬೇಡಿಕೆ ಹೊಂದಿರುವಾಗ ದುಬಾರಿ ಬದಲಾವಣೆ ಏಕೆ ಎಂಬ ಪ್ರಶ್ನೆಗೆ ಎಂಜಿನಿಯರ್‌ಗಳಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಡಂಟೋವ್ 1975ರಲ್ಲಿ ನಿವೃತ್ತರಾದರು. 1986ರ ಕಾರ್ವೆಟ್ ಇಂಡಿ ಮತ್ತು 1990ರ ಸಿಇಆರ್‌ವಿ-3 ಮಾದರಿಗಳೂ ಪ್ರದರ್ಶನಕ್ಕಷ್ಟೇ ಸೀಮಿತವಾದವು.

ಅಭಿಮಾನಿಗಳ ವಾದಗಳು

ಬದಲಾವಣೆಯ ಪರ

ಮಧ್ಯ-ಎಂಜಿನ್ ಪರವಾಗಿದ್ದವರ ಮುಖ್ಯ ವಾದವೆಂದರೆ, ಮುಂಬದಿ ಎಂಜಿನ್‌ನ ವಿನ್ಯಾಸವು ತನ್ನ ಮಿತಿಯನ್ನು ಮುಟ್ಟಿದೆ ಎಂಬುದು. 2019ನೇ ವರ್ಷದ ಸಿ7 ಝಡ್‌ಆರ್1 ಮಾದರಿಯು 755 ಅಶ್ವಶಕ್ತಿ ಹೊಂದಿತ್ತು. ಇನ್ನಷ್ಟು ಶಕ್ತಿ ಸೇರಿಸಿದರೂ ಅದನ್ನು ರಸ್ತೆಗೆ ಇಳಿಸಲು ಹಿಂದಿನ ಟೈರುಗಳಿಗೆ ಸಾಧ್ಯವಿಲ್ಲವೆಂದು ಸಂಸ್ಥೆಯ ಎಂಜಿನಿಯರ್‌ಗಳೂ ಹೇಳುತ್ತಿದ್ದರು. ಎಂಜಿನ್ ಅನ್ನು ಹಿಂಬದಿ ಅಚ್ಚಿನ ಆಚೆಗೆ ಇರಿಸುವ ಸಂಪ್ರದಾಯಕ್ಕೆ ಹೆಸರಾದ ಪೋರ್ಷೆ 911 ಸಹ, 2017ರ ಆರ್‌ಎಸ್‌ಆರ್ ರೇಸಿಂಗ್ ಮಾದರಿಯಲ್ಲಿ ಎಂಜಿನ್ ಅನ್ನು ಅಚ್ಚಿನ ಮುಂದಕ್ಕೆ ತಂದಿತ್ತು. ಸಂಪ್ರದಾಯನಿಷ್ಠರೆನಿಸಿದವರೇ ಬದಲಾಗಿರುವಾಗ ಕಾರ್ವೆಟ್ ಹಿಂದುಳಿಯಬಾರದೆಂಬುದು ಈ ಗುಂಪಿನ ನಿಲುವು. ಡಂಟೋವ್ ಅವರ ಕನಸು ಈಡೇರಬೇಕೆಂಬ ಭಾವನಾತ್ಮಕ ಕಾರಣವನ್ನೂ ಹಲವರು ಮುಂದಿಟ್ಟರು.

ಬದಲಾವಣೆಯ ವಿರುದ್ಧ

ವಿರೋಧಿಸಿದವರಿಗೆ ಉದ್ದನೆಯ ಬಾನೆಟ್, ಹಿಂದಕ್ಕೆ ಸರಿದ ಆಸನ ಮತ್ತು ಕಣ್ಣ ಮುಂದೆ ಚಾಚಿಕೊಂಡ ಮುಂಗಾಲಿಗಳ ಉಬ್ಬುಗಳೇ ಕಾರ್ವೆಟ್‌ನ ಗುರುತಾಗಿದ್ದವು. ಎಂಜಿನ್ ಹಿಂದೆ ಹೋದರೆ ಅದು ಇಟಲಿಯ ಕಾರುಗಳ ನಕಲಿನಂತೆ ಕಾಣುತ್ತದೆ ಎಂಬ ಆಕ್ಷೇಪ ವ್ಯಾಪಕವಾಗಿತ್ತು. ಬೆಲೆಯ ಆತಂಕವೂ ಸಣ್ಣದಾಗಿರಲಿಲ್ಲ. ಮಧ್ಯ-ಎಂಜಿನ್ ಇದ್ದ ಫೋರ್ಡ್ ಜಿಟಿ ಕಾರಿನ ಬೆಲೆ 4 ಲಕ್ಷ ಡಾಲರ್ ಮೀರಿತ್ತು. ದುಡಿದು ಕೂಡಿಟ್ಟ ಹಣದಿಂದ ಕೊಳ್ಳಬಹುದಾದ ಏಕೈಕ ಅತಿವೇಗದ ಕಾರು ಸಿರಿವಂತರ ಪಾಲಾಗುತ್ತದೆ ಎಂಬ ಭಯ ಹಲವರಲ್ಲಿತ್ತು. ದೂರ ಪ್ರಯಾಣಕ್ಕೆ ಬೇಕಾದ ಸಾಮಾನಿನ ಸ್ಥಳ, ಎಂಜಿನ್ ದುರಸ್ತಿಯ ಸುಲಭತೆ ಮುಂತಾದ ವ್ಯಾವಹಾರಿಕ ವಿಷಯಗಳೂ ಚರ್ಚೆಗೆ ಬಂದವು.

ಸಿ8ರಲ್ಲಿ ಕೈಗೊಂಡ ನಿರ್ಧಾರಗಳು

ಮುಖ್ಯ ಎಂಜಿನಿಯರ್ ಟ್ಯಾಜ್ ಜೆಕ್ಟರ್ ಅವರ ನೇತೃತ್ವದಲ್ಲಿ ಸಿದ್ಧವಾದ ಸಿ8 ಕಾರು ಕ್ಯಾಲಿಫೋರ್ನಿಯಾದ ಟಸ್ಟಿನ್‌ನಲ್ಲಿ ಅನಾವರಣಗೊಂಡಿತು. ವಿರೋಧಿಗಳ ಕೆಲವು ಆತಂಕಗಳಿಗೆ ಅದರ ವಿನ್ಯಾಸದಲ್ಲಿಯೇ ಉತ್ತರವಿತ್ತು.

ಬೆಲೆ: ಅಮೆರಿಕದಲ್ಲಿ ಆರಂಭಿಕ ಬೆಲೆ 59,995 ಡಾಲರ್ ಎಂದು ನಿಗದಿಯಾಯಿತು. ಇದು ಚರ್ಚೆಯ ದಿಕ್ಕನ್ನೇ ಬದಲಿಸಿದ ಅಂಶ.

ಎಂಜಿನ್: 6.2 ಲೀಟರ್‌ನ ಎಲ್‌ಟಿ2 ವಿ8 ಎಂಜಿನ್ 490 ಅಶ್ವಶಕ್ತಿ ನೀಡುತ್ತದೆ. ಐಚ್ಛಿಕ ಎಕ್ಸಾಸ್ಟ್ ವ್ಯವಸ್ಥೆಯೊಂದಿಗೆ 495. ಕ್ಯಾಮ್ ದಂಡವನ್ನು ಸಿಲಿಂಡರ್ ಬ್ಲಾಕಿನ ಒಳಗೇ ಇರಿಸುವ ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳಲಾಯಿತು. ಟರ್ಬೊ ಅಳವಡಿಸಲಿಲ್ಲ.

ವೇಗ: ಝಡ್51 ಸಾಧನಗಳ ಗುಚ್ಛವಿರುವ ಕಾರು ನಿಂತ ಸ್ಥಿತಿಯಿಂದ ಗಂಟೆಗೆ 60 ಮೈಲಿ (ಸುಮಾರು 96 ಕಿ.ಮೀ.) ವೇಗವನ್ನು 2.9 ಸೆಕೆಂಡುಗಳಲ್ಲಿ ತಲುಪುತ್ತದೆ ಎಂದು ಸಂಸ್ಥೆ ಪ್ರಕಟಿಸಿತು. ಕಾರಿನ ತೂಕದ ಸುಮಾರು ಶೇಕಡ 60 ಭಾಗ ಹಿಂದಿನ ಗಾಲಿಗಳ ಮೇಲಿದೆ.

ಸ್ಥಳ: ಮುಂದೆ ಮತ್ತು ಹಿಂದೆ ಎರಡು ಡಿಕ್ಕಿಗಳಿದ್ದು ಒಟ್ಟು 12.6 ಘನ ಅಡಿ ಸ್ಥಳವಿದೆ. ಕಳಚಬಹುದಾದ ಚಾವಣಿಯನ್ನು ಅಥವಾ ಎರಡು ಗಾಲ್ಫ್ ಚೀಲಗಳನ್ನು ಹಿಂದಿನ ಡಿಕ್ಕಿಯಲ್ಲಿ ಇಡಬಹುದು.

ಆಸನ: ಚಾಲಕನ ಸ್ಥಾನ ಹಿಂದಿನ ಮಾದರಿಗಿಂತ 16.5 ಅಂಗುಲ (ಸುಮಾರು 42 ಸೆಂ.ಮೀ.) ಮುಂದಕ್ಕೆ ಸರಿಯಿತು.

ಕೈಗೇರಿನ ಪ್ರಶ್ನೆ

ಸಿ8ರಲ್ಲಿ ಪರಿಹಾರವಾಗದೆ ಉಳಿದ ಆಕ್ಷೇಪವೆಂದರೆ ಕೈಯಿಂದ ಗೇರು ಬದಲಿಸುವ ವ್ಯವಸ್ಥೆಯ ಕೊರತೆ. ಸಿ7ರಲ್ಲಿ ಏಳು ಗೇರುಗಳ ಅಂತಹ ಆಯ್ಕೆ ಇತ್ತು. ಸಿ8 ಎಂಟು ಗೇರುಗಳ, ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಬಾಕ್ಸ್‌ನೊಂದಿಗೆ ಮಾತ್ರ ದೊರೆಯುತ್ತದೆ. ಬೇಡಿಕೆ ಕುಗ್ಗುತ್ತಿರುವಾಗ ಕಡಿಮೆ ಸಂಖ್ಯೆಯ ಕೈಗೇರಿನ ಪೆಟ್ಟಿಗೆಗಳನ್ನು ತಯಾರಿಸಿಕೊಡುವ ಸಂಸ್ಥೆ ಸಿಗಲಿಲ್ಲವೆಂದು ವಿನ್ಯಾಸಕಾರರು ವಿವರಿಸಿದರು.

ಎಡಗಾಲಿನಿಂದ ಕ್ಲಚ್ ಒತ್ತಿ ತಾನೇ ಗೇರು ಹಾಕುವ ಚಾಲಕನೂ ಯಂತ್ರದ ಒಂದು ಭಾಗವಾಗುತ್ತಾನೆ ಎಂದು ನಂಬಿದವರಿಗೆ ಈ ವಿವರಣೆ ಸಮಾಧಾನ ತರಲಿಲ್ಲ. ಸಿ8ರ ಸಮರ್ಥಕರು ಇತಿಹಾಸದತ್ತ ಬೊಟ್ಟು ಮಾಡಿದರು. 1953ರ ಮೊದಲ 300 ಕಾರ್ವೆಟ್‌ಗಳಲ್ಲಿ ಇದ್ದದ್ದು ಎರಡು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆ ಮತ್ತು ಆರು ಸಿಲಿಂಡರ್‌ಗಳ ಎಂಜಿನ್. ವಿ8 ಎಂಜಿನ್ ಮತ್ತು ಕೈಗೇರು ಎರಡೂ 1955ರಲ್ಲಿ ಬಂದವು. ಆದ್ದರಿಂದ 'ಮೂಲ ಕಾರ್ವೆಟ್' ಎಂದು ಅಭಿಮಾನಿಗಳು ಕಾಪಾಡಲು ಬಯಸಿದ ಲಕ್ಷಣಗಳಲ್ಲಿ ಹಲವು ಮೂಲದಲ್ಲಿ ಇರಲೇ ಇಲ್ಲವೆಂಬುದು ಅವರ ವಾದ. ಹುಟ್ಟಿನಿಂದ ಬಂದುದಷ್ಟೇ ಅಲ್ಲ, ಆರು ದಶಕಗಳ ಬಳಕೆಯಿಂದ ಬೆಳೆದು ಬಂದುದೂ ಗುರುತೇ ಆಗುತ್ತದೆ ಎಂಬುದು ವಿರೋಧಿಗಳ ಮರುತ್ತರ.

ಸ್ವೀಕಾರ

2019ರ ಜೂನ್‌ನಲ್ಲಿ ಸಿ7 ಸರಣಿಯ ಕೊನೆಯ ಕಾರಿನ ಹಕ್ಕು ದತ್ತಿ ಹರಾಜಿನಲ್ಲಿ 27 ಲಕ್ಷ ಡಾಲರ್‌ಗೆ ಮಾರಾಟವಾಯಿತು. 2020ರ ಜನವರಿಯಲ್ಲಿ ಮೊದಲ ಸಿ8 ಕಾರಿನ ಹಕ್ಕು ಇಂತಹದೇ ಹರಾಜಿನಲ್ಲಿ 30 ಲಕ್ಷ ಡಾಲರ್ ತಂದಿತು. ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ 2020ರ ಫೆಬ್ರವರಿಯಲ್ಲಿ ತಯಾರಿಕೆ ಆರಂಭವಾಯಿತು. ಮೋಟಾರ್ ಟ್ರೆಂಡ್ ಪತ್ರಿಕೆಯ 2020ರ ವರ್ಷದ ಕಾರು ಮತ್ತು ಅದೇ ವರ್ಷದ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಗಳು ಸಿ8ಕ್ಕೆ ಸಂದವು. 2023ನೇ ಮಾದರಿ ವರ್ಷದಲ್ಲಿ ತಯಾರಾದ ಕಾರುಗಳ ಸಂಖ್ಯೆ 53 ಸಾವಿರವನ್ನು ಮೀರಿ 1979ರ ದಾಖಲೆಯ ಸಮೀಪಕ್ಕೆ ಬಂದಿತು. ಬದಲಾವಣೆಗೆ ಒಮ್ಮೆ ಅಡ್ಡಿಯಾಗಿದ್ದ ಮಾರಾಟದ ಲೆಕ್ಕವೇ ಈಗ ಬದಲಾವಣೆಯ ಪರವಾಯಿತು.

ರೇಸಿಂಗ್‌ನಲ್ಲಿ ಸಿ8.ಆರ್ 2020ರ ಜನವರಿಯ ಡೇಟೋನಾ 24 ಗಂಟೆಗಳ ಸ್ಪರ್ಧೆಯಲ್ಲಿ ಮೊದಲ ಬಾರಿ ಓಡಿತು. ಆ ವರ್ಷವೇ ಅಮೆರಿಕದ ಐಎಂಎಸ್‌ಎ ಸರಣಿಯಲ್ಲಿ ತನ್ನ ವರ್ಗದ ಚಾಂಪಿಯನ್ ಪಟ್ಟ ಗಳಿಸಿತು. 2023ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆಯಲ್ಲಿ ವರ್ಗ ವಿಜಯ ಸಾಧಿಸಿತು.

ನಂತರದ ಬೆಳವಣಿಗೆಗಳು

ಹೊಸ ವಿನ್ಯಾಸವು ಹಿಂದೆ ಕಷ್ಟಸಾಧ್ಯವಾಗಿದ್ದ ಮಾದರಿಗಳಿಗೆ ದಾರಿ ಮಾಡಿಕೊಟ್ಟಿತು. 2023ನೇ ವರ್ಷದ ಝಡ್06 ಮಾದರಿಯಲ್ಲಿ 670 ಅಶ್ವಶಕ್ತಿಯ 5.5 ಲೀಟರ್ ಎಂಜಿನ್ ಇದೆ; ಇದರಲ್ಲಿ ಕ್ಯಾಮ್ ದಂಡಗಳು ಸಿಲಿಂಡರ್ ಹೆಡ್‌ಗಳ ಮೇಲಿವೆ. 2023ರ ಜನವರಿಯಲ್ಲಿ ಪರಿಚಯಿಸಲಾದ ಇ-ರೇ ಮಾದರಿಯು ಮುಂದಿನ ಗಾಲಿಗಳಿಗೆ ವಿದ್ಯುತ್ ಮೋಟಾರು ಹೊಂದಿದ, ನಾಲ್ಕೂ ಗಾಲಿಗಳಿಂದ ಚಲಿಸುವ ಮೊದಲ ಕಾರ್ವೆಟ್. 2024ರಲ್ಲಿ ಅನಾವರಣಗೊಂಡ ಝಡ್‌ಆರ್1 ಎರಡು ಟರ್ಬೊಗಳೊಂದಿಗೆ 1,064 ಅಶ್ವಶಕ್ತಿ ನೀಡುತ್ತದೆ.

ಬಲಬದಿ ಚಾಲನೆಯ ರೂಪದಲ್ಲಿ ಕಾರ್ಖಾನೆಯಲ್ಲಿಯೇ ತಯಾರಾದ ಮೊದಲ ಕಾರ್ವೆಟ್ ಸಹ ಸಿ8. ಅದು ಬ್ರಿಟನ್, ಜಪಾನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಮಾರಾಟವಾಯಿತು. ಭಾರತದಲ್ಲಿಯೂ ಬಲಬದಿ ಚಾಲನೆಯ ವಾಹನಗಳೇ ಬಳಕೆಯಲ್ಲಿದ್ದರೂ ಜನರಲ್ ಮೋಟಾರ್ಸ್ 2017ರ ಅಂತ್ಯಕ್ಕೆ ಇಲ್ಲಿನ ಮಾರಾಟವನ್ನು ನಿಲ್ಲಿಸಿತ್ತು.

ಡಂಟೋವ್ 1996ರಲ್ಲಿ ನಿಧನರಾದರು. ತಾವು ಬಯಸಿದ ಕಾರು ರಸ್ತೆಗೆ ಬಂದುದನ್ನು ಅವರು ಕಾಣಲಿಲ್ಲ. ಅವರ ಚಿತಾಭಸ್ಮವನ್ನು ಬೌಲಿಂಗ್ ಗ್ರೀನ್‌ನ ರಾಷ್ಟ್ರೀಯ ಕಾರ್ವೆಟ್ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಸಿ8 ಕಾರುಗಳು ತಯಾರಾಗುವ ಕಾರ್ಖಾನೆಯೂ ಅದೇ ಊರಿನಲ್ಲಿದೆ.